ಎಲ್ಲರಿಗೂ ಒಂದೇ ಪರೀಕ್ಷೆ: ಇದು ನ್ಯಾಯವೇ?

ನಿಮ್ಮ ಮಗ ಮೂರು ಗಂಟೆ ಕುಳಿತು ಇತಿಹಾಸದ ಪರೀಕ್ಷೆ ಬರೆದು ಬಂದಿದ್ದಾನೆ. ಅವನ ತರಗತಿಯ ಇನ್ನೊಬ್ಬ ಹುಡುಗ ಅದೇ ಪ್ರಶ್ನೆಗಳಿಗೆ ಬಾಯಲ್ಲೇ ಉತ್ತರ ಹೇಳಿ ಪಾಸಾದನಂತೆ. ‘ಇದೆಂಥ ನ್ಯಾಯ?’ ಎಂದು ನೀವು ಕೇಳಿದರೆ ಆಶ್ಚರ್ಯವಿಲ್ಲ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಆ ಪರೀಕ್ಷೆ ಅಳೆಯಲು ಹೊರಟದ್ದು ಏನನ್ನು? 1857ರ ದಂಗೆಯ ಕಾರಣಗಳು ಹುಡುಗನಿಗೆ ಗೊತ್ತೇ ಎಂಬುದನ್ನೋ, ಅವನ ಕೈ ಓಡುವ ವೇಗವನ್ನೋ? ಅಕ್ಷರ ಕೂಡಿಸಿ ಓದುವುದೇ ಕಷ್ಟವಾದ, ಡಿಸ್ಲೆಕ್ಸಿಯಾ ಇರುವ ಮಗುವಿಗೆ ಬರವಣಿಗೆಯ ಪರೀಕ್ಷೆಯೊಂದನ್ನೇ ಕೊಟ್ಟು, ‘ಇವನಿಗೆ ಇತಿಹಾಸ ಬಾರದು’ ಎಂದು ಅಂಕಪಟ್ಟಿಯಲ್ಲಿ ಬರೆದರೆ ಅದು ಸುಳ್ಳು ಸಾಕ್ಷಿಯಲ್ಲವೇ?

2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ ಇಂಥ ಮಕ್ಕಳಿಗೆ ಹೆಚ್ಚಿನ ಸಮಯ, ಉತ್ತರ ಬರೆದುಕೊಡುವ ಸಹಾಯಕರು ಮುಂತಾದ ಅನುಕೂಲಗಳಿವೆ. ಒಳ್ಳೆಯದೇ. ಆದರೆ ಅದಕ್ಕೆ ಪ್ರಮಾಣಪತ್ರ ಬೇಕು. ಅದರ ಜತೆಗೇ ಮಗುವಿಗೆ ಒಂದು ಹಣೆಪಟ್ಟಿಯೂ ಅಂಟುತ್ತದೆ. ‘ನಾಳೆ ಯಾರಾದರೂ ಏನಾದರೂ ಅಂದಾರು’ ಎಂಬ ಅಂಜಿಕೆಯಿಂದ ಮಗುವಿನ ಕಷ್ಟವನ್ನು ಮುಚ್ಚಿಡುವ ತಂದೆತಾಯಿಗಳಿದ್ದಾರೆ.

ಪೋಲಿಯೋದಿಂದಾಗಿ ಗಾಲಿಕುರ್ಚಿ ಬಳಸುತ್ತಿದ್ದ ಅಮೆರಿಕದ ವಾಸ್ತುಶಿಲ್ಪಿ ರೊನಾಲ್ಡ್ ಮೇಸ್ ಒಂದು ಸರಳ ಮಾತನ್ನು ಮುಂದಿಟ್ಟರು: ಕಟ್ಟಡ ಮುಗಿದ ಮೇಲೆ ಹಿಂಬದಿಯಲ್ಲಿ ಇಳಿಜಾರು ಸೇರಿಸುವ ಬದಲು, ಎಲ್ಲರೂ ಒಂದೇ ಬಾಗಿಲಿನಿಂದ ಬರುವಂತೆ ಮೊದಲೇ ಕಟ್ಟಿರಿ. ಇದನ್ನೇ 1984ರಲ್ಲಿ ಮೆಸಾಚುಸೆಟ್ಸ್‌ನಲ್ಲಿ ಆರಂಭವಾದ ಕಾಸ್ಟ್ ಸಂಸ್ಥೆಯವರು ಪಾಠಕ್ಕೆ ಅನ್ವಯಿಸಿದರು. ಕಲಿಯಲು ಆಸಕ್ತಿ ಹುಟ್ಟಿಸುವುದಕ್ಕೆ, ವಿಷಯವನ್ನು ಮುಂದಿಡುವುದಕ್ಕೆ, ಕಲಿತದ್ದನ್ನು ತೋರಿಸುವುದಕ್ಕೆ ಒಂದಕ್ಕಿಂತ ಹೆಚ್ಚು ದಾರಿಗಳಿರಲಿ, ಅವು ಇಡೀ ತರಗತಿಗೇ ತೆರೆದಿರಲಿ ಎಂಬುದೇ ಅವರ ಯೋಜನೆ.

ಇದು ನಮಗೆ ತೀರ ಹೊಸತೂ ಅಲ್ಲ. ನಮ್ಮ ದೇವಾಲಯದ ಗೋಡೆಯ ಮೇಲಿನ ಶಿಲುಬೆಹಾದಿಯ 14 ಚಿತ್ರಗಳನ್ನು ನೋಡಿ. ಓದು ಬಾರದ ಎಷ್ಟೋ ಅಜ್ಜಿಯಂದಿರು ಯೇಸುವಿನ ಪಾಡುಗಳನ್ನು ಅಲ್ಲಿಂದಲೇ ಕಲಿತರು.

ಐವತ್ತು ಮಕ್ಕಳಿರುವ ತರಗತಿಯಲ್ಲಿ ಇದು ಸಾಧ್ಯವೇ? ಪೂರ್ತಿಯಾಗಿ ಕಷ್ಟವೇ. ಹಾಗೆಂದು ಹಲಗೆಯ ಮೇಲೆ ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಲು, ಭಿನ್ನರಾಶಿಯನ್ನು ರೊಟ್ಟಿ ಮುರಿದು ತೋರಿಸಲು, ಕಿರುಪರೀಕ್ಷೆಯಲ್ಲಿ ‘ಬರೆಯಿರಿ, ಚಿತ್ರಿಸಿರಿ ಅಥವಾ ಬಂದು ಹೇಳಿರಿ’ ಎನ್ನಲು ಹಣವೇನೂ ಬೇಕಿಲ್ಲ. ಕಾಗುಣಿತದ ಪರೀಕ್ಷೆಯಲ್ಲಿ ಮಾತ್ರ ಕಾಗುಣಿತವನ್ನೇ ನೋಡಬೇಕು. ಅಲ್ಲಿ ರಿಯಾಯಿತಿ ಕೊಟ್ಟರೆ ಮಗುವಿಗೇ ಮೋಸ.

ಈಗ ನಿಮ್ಮ ಮಗನ ಮಾತಿಗೆ ಬನ್ನಿ. ಬಾಯುತ್ತರದ ಬಾಗಿಲು ಅವನಿಗೂ ತೆರೆದಿದ್ದರೆ ಅವನು ಯಾವುದನ್ನು ಆರಿಸಿಕೊಳ್ಳುತ್ತಿದ್ದ? ಅವನನ್ನೇ ಒಮ್ಮೆ ಕೇಳಿ ನೋಡಿ.