ಪದಕ ಮತ್ತು ಪರೀಕ್ಷೆ

ದಂಡದ ಭಯದಿಂದ ಮಾಡುವ ಒಳಿತಿಗೂ ಸ್ವಇಚ್ಛೆಯಿಂದ ಮಾಡುವ ಒಳಿತಿಗೂ ಅಂತರವಿದೆ ಎಂಬುದನ್ನು ನಾವೆಲ್ಲರೂ ಬಲ್ಲೆವು. ಆದರೆ ಸ್ವಇಚ್ಛೆಯ ಒಳಿತಿನಲ್ಲಿಯೂ ಎರಡು ಬಗೆಗಳಿವೆ. ಒಂದು ಪರರ ಕ್ಷೇಮವನ್ನು ಅರಸುತ್ತದೆ, ಇನ್ನೊಂದು ಪರರ ಮೆಚ್ಚುಗೆಯನ್ನು. ಅಮೇರಿಕದ ಉದ್ಯಮಿಗಳ ಮುಂದಿರುವ ಒಂದು ಆಯ್ಕೆಯಲ್ಲಿ ಈ ಅಂತರವನ್ನು ಸ್ಪಷ್ಟವಾಗಿ ಕಾಣಬಹುದು.

ದುಡಿಯುವವರ ಸುರಕ್ಷತೆಗಾಗಿ ಆ ದೇಶವು 1970ರಲ್ಲಿ ಕಾನೂನೊಂದನ್ನು ರಚಿಸಿತು. ಮರುವರ್ಷ 'ಓಶಾ' ಎಂಬ ಸರಕಾರಿ ಸಂಸ್ಥೆ ಕಾರ್ಯಾರಂಭ ಮಾಡಿತು. ತಪಾಸಣೆ ನಡೆಸುವುದು, ತಪ್ಪಿದವರಿಗೆ ದಂಡ ವಿಧಿಸುವುದು ಅದರ ಅಧಿಕಾರ. ಆದರೆ ಪ್ರತಿಯೊಂದು ಯಂತ್ರದ ಬಳಿಯೂ ಒಬ್ಬ ತಪಾಸಕನನ್ನು ನಿಲ್ಲಿಸಲು ಯಾವ ಸರಕಾರಕ್ಕೂ ಸಾಧ್ಯವಿಲ್ಲ. ಆದುದರಿಂದ ಉದ್ಯಮಿಗಳೊಡನೆ ಸಹಕರಿಸುವ ಯೋಜನೆಗಳೂ ರೂಪುಗೊಂಡವು.

ಅವುಗಳಲ್ಲಿ ಎರಡನ್ನು ಗಮನಿಸಿರಿ. 1982ರಲ್ಲಿ ಆರಂಭವಾದ ಸ್ವಯಂಪ್ರೇರಿತ ರಕ್ಷಣಾ ಯೋಜನೆಯು ಉತ್ತಮ ವ್ಯವಸ್ಥೆಯುಳ್ಳ ಕಾರ್ಖಾನೆಗಳಿಗೆ ಮನ್ನಣೆ ನೀಡುತ್ತದೆ. ಅದರ ಅತ್ಯುನ್ನತ ದರ್ಜೆಯಾದ 'ಸ್ಟಾರ್' ಪಡೆಯಲು ಗಾಯಗಳ ಪ್ರಮಾಣವು ಆ ಉದ್ಯಮದ ರಾಷ್ಟ್ರೀಯ ಸರಾಸರಿಯನ್ನು ಮೀರಬಾರದು. ಸುರಕ್ಷತೆಯ ಕಾರ್ಯದಲ್ಲಿ ಕಾರ್ಮಿಕರೂ ಪಾಲ್ಗೊಳ್ಳಬೇಕು. ಆಯ್ಕೆಯಾದ ಸಂಸ್ಥೆಗೆ ನಿಯತ ತಪಾಸಣೆಯಿಂದ ವಿನಾಯಿತಿ ದೊರೆಯುತ್ತದೆ. ದೂರು ಬಂದಾಗ ಅಥವಾ ಸಾವು ಸಂಭವಿಸಿದಾಗ ಆ ವಿನಾಯಿತಿ ಅನ್ವಯಿಸುವುದಿಲ್ಲ.

ಎರಡನೆಯದು ಸಣ್ಣ ಉದ್ಯಮಗಳಿಗೆ ಪ್ರಾಶಸ್ತ್ಯ ನೀಡುವ ಸಲಹಾ ಯೋಜನೆ. ಮಾಲಿಕನು ಕೇಳಿಕೊಂಡರೆ ತಜ್ಞರು ಬಂದು ಅಪಾಯಗಳನ್ನು ಗುರುತಿಸುತ್ತಾರೆ. ಅದಕ್ಕೆ ಶುಲ್ಕವಿಲ್ಲ, ದಂಡವೂ ಇಲ್ಲ, ವಿಷಯ ಗೌಪ್ಯವಾಗಿರುತ್ತದೆ. ಆದರೆ ಗಂಭೀರ ಅಪಾಯಗಳನ್ನು ಗೊತ್ತುಪಡಿಸಿದ ಅವಧಿಯೊಳಗೆ ನಿವಾರಿಸಲು ಮಾಲಿಕನು ಮೊದಲೇ ಒಪ್ಪಬೇಕು. ಅವುಗಳ ಪಟ್ಟಿಯನ್ನು ಕಾರ್ಮಿಕರ ಕಣ್ಣಿಗೆ ಬೀಳುವಂತೆ ಪ್ರಕಟಿಸಲೂ ಬೇಕು.

ಮೊದಲನೆಯದು ಸಾಧನೆಯನ್ನು ಗೌರವಿಸುತ್ತದೆ. ಎರಡನೆಯದು ಕೊರತೆಯನ್ನು ಹುಡುಕುತ್ತದೆ. ಗೌರವವು ಕೆಟ್ಟದ್ದಲ್ಲ. ಪ್ರಾಮಾಣಿಕವಾಗಿ ಅದನ್ನು ಗಳಿಸಿದ ಕಾರ್ಖಾನೆಗಳಲ್ಲಿ ಕಾರ್ಮಿಕರು ನಿಶ್ಚಿಂತೆಯಿಂದ ಮನೆಗೆ ಮರಳುತ್ತಾರೆ. ಆದರೆ ಅಂಕಿಗಳ ಮೇಲೆ ನಿಂತ ಗೌರವದಲ್ಲಿ ಒಂದು ಶೋಧನೆಯೂ ಅಡಗಿದೆ. ಗಾಯಗಳನ್ನು ಕಡಿಮೆ ಮಾಡುವುದಕ್ಕಿಂತ ಗಾಯಗಳ ಲೆಕ್ಕವನ್ನು ಕಡಿಮೆ ಮಾಡುವುದು ಸುಲಭ. ತನ್ನಿಂದ ಎಲ್ಲರ ಬಹುಮಾನ ತಪ್ಪೀತೆಂದು ಅಂಜಿದ ಕಾರ್ಮಿಕನು ಜಜ್ಜಿದ ಬೆರಳನ್ನು ಜೇಬಿನಲ್ಲಿ ಮರೆಮಾಡಿಯಾನು. ಅಮೇರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆಯು 2009ರಲ್ಲಿ ಈ ಮನ್ನಣೆಯ ಯೋಜನೆಯನ್ನು ಪರಿಶೀಲಿಸಿ, ಅದರ ಮೇಲ್ವಿಚಾರಣೆ ಸಾಲದೆಂದು ವರದಿ ಮಾಡಿತು. ಕಾರ್ಮಿಕರು ಸಾವಿಗೀಡಾದ ಕೆಲವು ಸ್ಥಳಗಳು ಆ ಬಳಿಕವೂ ಯೋಜನೆಯಲ್ಲಿ ಮುಂದುವರಿದಿದ್ದವು.

ಹಾಗಾದರೆ ಯಾವುದನ್ನು ಆರಿಸಬೇಕು? ಉದ್ಯಮದ ಗಾತ್ರ, ಅನುಭವಗಳಿಗೆ ತಕ್ಕಂತೆ ಉತ್ತರ ಬೇರೆಯಾಗಬಹುದು. ಆದರೆ ಆಯ್ಕೆಗೆ ಮುನ್ನ ಮಾಲಿಕನು ತನ್ನನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. "ಈ ಯಂತ್ರದ ಬಳಿ ನಿಲ್ಲಲು ನನಗೆ ಭಯವಾಗುತ್ತದೆ" ಎಂದು ನುಡಿದ ಕಾರ್ಮಿಕನು ನಾಳೆಯೂ ಇಲ್ಲಿ ತಲೆಯೆತ್ತಿ ದುಡಿಯಬಲ್ಲನೇ? ಹೌದೆನ್ನಲಾರದ ಕಡೆ ಯಾವ ಪದಕವೂ ಪ್ರಯೋಜನಕ್ಕೆ ಬಾರದು. ಅಂಥವನು ಮೊದಲು ತನ್ನ ಕೊರತೆಯನ್ನು ಹುಡುಕುವವರನ್ನೇ ಒಳಗೆ ಕರೆಯಲಿ.

ನಾವು ಕಾರ್ಖಾನೆಗಳ ಒಡೆಯರಲ್ಲದಿರಬಹುದು. ಆದರೂ ನಮಗಾಗಿ ದುಡಿಯುವವರು ಇದ್ದಾರೆ. ಗೋಡೆಗೆ ಬಣ್ಣ ಬಳಿಯಲು ನಮ್ಮ ಏಣಿಯನ್ನು ಏರುವವನನ್ನು ಕೆಲಸ ಮುಗಿಯಿತೇ ಎಂದು ಕೇಳುವ ಮೊದಲು, ಏಣಿ ಗಟ್ಟಿಯಾಗಿದೆಯೇ ಎಂದು ಕೇಳೋಣ. ಅವನು ಇಲ್ಲವೆಂದರೆ ಬೇಸರಿಸದೆ ಆಲಿಸೋಣ.