ಹರಿದ ದೋಸೆ

ಪುರಂದರದಾಸರ ಗುಮ್ಮನ ಹಾಡು ಕೇಳಿದಾಗಲೆಲ್ಲ ನನ್ನ ಮನಸ್ಸು ಆ ಮಗುವಿನ ಕಡೆಗೇ ವಾಲುತ್ತದೆ. ಅಳುವುದಿಲ್ಲ, ಉಣ್ಣುತ್ತೇನೆ, ಸುಮ್ಮನಿರುತ್ತೇನೆ ಎಂದು ಪುಟ್ಟ ಕೃಷ್ಣ ಅಮ್ಮನಿಗೆ ಮಾತು ಕೊಡುತ್ತಲೇ ಹೋಗುತ್ತಾನೆ. ಹಾಡು ಮುದ್ದಾಗಿದೆ, ನಿಜ. ಆದರೆ ಆ ಮಗು ಸುಮ್ಮನಾಗುವುದು ಹೆದರಿ. ಹೆದರಿ ಸುಮ್ಮನಾಗುವುದು ಬೇರೆ, ಸಮಾಧಾನವಾಗುವುದೇ ಬೇರೆ.

ಈಗ ನಮ್ಮ ಗುಮ್ಮನ ಹೆಸರು ಪೊಲೀಸು, ಡಾಕ್ಟರ ಸೂಜಿ, ಹಾಸ್ಟೆಲ್ಲು. ಅದೂ ನಡೆಯದಿದ್ದರೆ ಕೈಗೊಂದು ಮೊಬೈಲ್. ಶಾಲೆಯಲ್ಲಿ ಮಗುವನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಮೇಷ್ಟ್ರಿಗೆ ಸಲ್ಲದ ಬೆದರಿಕೆ ಅಪ್ಪ ಅಮ್ಮನಿಗೇಕೆ ಬೇಕು?

ಒಂದು ಬೆಳಿಗ್ಗೆ ನಾಲ್ಕು ವರ್ಷದ ಮಗನಿಗೆ ದೋಸೆಯನ್ನು ಚೂರು ಮಾಡಿ ಕೊಟ್ಟೆ. ಅವನಿಗೆ ಇಡೀ ದೋಸೆ ಬೇಕಿತ್ತು. ಇನ್ನೊಂದು ಹಾಕಿಕೊಟ್ಟರೆ 'ಅದೇ ಬೇಕು' ಎಂದು ರಚ್ಚೆ. ನೆಲಕ್ಕೆ ಬಿದ್ದು ಹೊರಳಿದ. ನಾನು ಕೂಗಿದೆ. ಕೂಗಿದಷ್ಟೂ ಅಳು ಏರಿತು. ಅತ್ತೆ ಒಲೆ ಆರಿಸಿ ಬಂದು ಅವನ ಪಕ್ಕ ನೆಲದ ಮೇಲೇ ಕೂತರು. ಎತ್ತಿಕೊಳ್ಳಲಿಲ್ಲ, ಯಾವ ಆಸೆಯನ್ನೂ ತೋರಿಸಲಿಲ್ಲ. 'ಇಡೀದು ಬೇಕಿತ್ತು, ಹರಿದುಹೋಯ್ತು. ಸಿಟ್ಟು ಬಂತಲ್ವಾ ಕಂದಾ' ಎಂದರು. ಅವನು ಒದ್ದಾಗ ಕಾಲನ್ನು ಮೆಲ್ಲಗೆ ಹಿಡಿದು, 'ಒದೀಬಾರ್ದು, ಅಜ್ಜಿಗೆ ನೋವಾಗತ್ತೆ.' ದನಿ ಏರಲೇ ಇಲ್ಲ. ಸ್ವಲ್ಪ ಹೊತ್ತಿಗೆ ಬಿಕ್ಕು ಸಣ್ಣಗಾಗಿ, ಅವನೇ ತೆವಳಿಕೊಂಡು ಮಡಿಲಿಗೆ ಬಂದ. ಸಿಟ್ಟಿಗೆ ಅವರು ಜಾಗ ಕೊಟ್ಟಿದ್ದರು, ಒದೆತಕ್ಕೆ ಕೊಟ್ಟಿರಲಿಲ್ಲ.

ಆವೇಗಕ್ಕೆ ಲಗಾಮು ಹಾಕುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದಕ್ಕೆ ಸುಮಾರು 25 ವರ್ಷ ಬೇಕು. ನಾಲ್ಕರ ಮಗು ಆ ಲಗಾಮನ್ನು ಎಲ್ಲಿಂದ ತಂದೀತು? ಹತ್ತಿರ ಕೂತ ದೊಡ್ಡವರಿಂದ ಕಡ ತರಬೇಕು. ಅಂದು ನನ್ನ ಬಳಿ ಕೊಡುವುದಕ್ಕೆ ಏನೂ ಇರಲಿಲ್ಲ, ಅತ್ತೆಯ ಬಳಿ ಇತ್ತು.

ಬಿಸಿ ಹಾಲು ಆರಿಸುವಂತೆ ನಿಧಾನವಾಗಿ ಉಸಿರು ಊದುವ ಆಟವನ್ನೂ ಅವರು ಅವನಿಗೆ ಕಲಿಸಿದ್ದಾರೆ. ಉಸಿರು ನೀಳವಾಗಿ ಹೊರಹೋದರೆ ಎದೆಬಡಿತ ಇಳಿಯುತ್ತದೆ. ಆದರೆ ಅದನ್ನು ನಗುನಗುತ್ತಿರುವ ಹೊತ್ತಿನಲ್ಲಿ ಕಲಿಸಬೇಕು. ಅಳುವಿನ ನಡುವೆ ಯಾವ ಪಾಠವೂ ಇಳಿಯದು.

ರಾತ್ರಿ ಮಲಗಿಸುವಾಗ, 'ಬೆಳಿಗ್ಗೆ ಅಮ್ಮ ಕೂಗಿದ್ದು ತಪ್ಪಾಯ್ತು ಪುಟ್ಟಾ, ನಂಗೂ ಸಿಟ್ಟು ಬಂದಿತ್ತು' ಎಂದೆ. ಅವನು ಕತ್ತಲಲ್ಲಿ ಸ್ವಲ್ಪ ಹೊತ್ತು ಯೋಚಿಸಿದ.

'ನಿಂಗೂ ಇಡೀ ದೋಸೆ ಬೇಕಿತ್ತಾ?'