ಅವನ ಕಾಲನ್ನು ಯಾರೂ ನೋಡಲಿಲ್ಲ

ಸಾಮಾನ್ಯ ಕಾಲದ 30ನೇ ಭಾನುವಾರದ ಚಿಂತನೆ
ವಾಚನಗಳು: 2 ತಿಮೊಥೇಯ 4:6-8, 16-18, ಲೂಕ 18:9-14



ಇಂದಿನ ಎರಡನೆಯ ವಾಚನದಲ್ಲಿ ಸಂತ ಪೌಲರು ಸೆರೆಯಲ್ಲಿದ್ದುಕೊಂಡು ತಿಮೊಥೇಯನಿಗೆ ಬರೆಯುತ್ತಾರೆ. ತಮ್ಮ ಓಟ ಮುಗಿಯಿತು, ವಿಶ್ವಾಸವನ್ನು ಕಾಪಾಡಿಕೊಂಡೆ ಎಂಬುದು ಅವರ ಮಾತಿನ ಸಾರ. ಯುವಜನರ ಶಿಬಿರ ನಡೆದಾಗಲೆಲ್ಲ ಈ ವಾಕ್ಯವನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಗೋಡೆಗೆ ಅಂಟಿಸುವವರು ನಾವೇ. ಕಳೆದ ವರ್ಷ ಅದನ್ನು ಒಂದು ಬ್ಯಾನರಿನ ಮೇಲೂ ಬರೆಸಿದೆವು. ಆ ಬ್ಯಾನರಿನ ಕಥೆಯನ್ನು ಇಂದು ನಿಮ್ಮ ಮುಂದೆ ಹೇಳಬೇಕಾಗಿದೆ. ಅದು ನಮಗೆ ಹೆಮ್ಮೆ ತರುವ ಕಥೆಯಲ್ಲ.

ಪಣಜಿಯ ಮಿರಾಮಾರ್ ಕಡಲತೀರದಲ್ಲಿ ನಡೆಯುವ ಐರನ್‌ಮ್ಯಾನ್ 70.3 ಸ್ಪರ್ಧೆಯ ಬಗ್ಗೆ ಗೋವೆಯಲ್ಲಿರುವ ನೀವು ಕೇಳಿರುತ್ತೀರಿ. ಅದು ಇಲ್ಲಿ ಮೊದಲು ನಡೆದದ್ದು 2019ರಲ್ಲಿ. ಮೊದಲು ಸಮುದ್ರದಲ್ಲಿ 1.9 ಕಿಲೋಮೀಟರ್ ಈಜಬೇಕು, ಆಮೇಲೆ 90 ಕಿಲೋಮೀಟರ್ ಸೈಕಲ್ ತುಳಿಯಬೇಕು, ಕೊನೆಗೆ 21.1 ಕಿಲೋಮೀಟರ್ ಓಡಬೇಕು. ಮೂರನ್ನೂ ಕೂಡಿದರೆ ಮೈಲಿ ಲೆಕ್ಕದಲ್ಲಿ 70.3. ಎಲ್ಲವೂ ಎಂಟೂವರೆ ಗಂಟೆಯೊಳಗೆ ಮುಗಿಯಬೇಕು.

ನಮ್ಮ ಕನ್ನಡ ಪೂಜೆಗೆ ಬರುವ ಒಬ್ಬ ಹುಡುಗ ಇದಕ್ಕೆ ಹೆಸರು ಕೊಟ್ಟ. ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ; ಹೆಸರು ಮಾತ್ರ ಬೇಡ ಎಂದಿದ್ದಾನೆ. ಕನ್ನಡದವರೆಂದರೆ ಗಾರೆ ಕೆಲಸ, ಬಂದರಿನ ಕೆಲಸ ಎಂದು ಬಹಳ ಮಂದಿ ತಿಳಿದಿರುವ ಊರಿನಲ್ಲಿ ನಮ್ಮವನೊಬ್ಬ ಇಂಥ ಸ್ಪರ್ಧೆಗೆ ಇಳಿಯುತ್ತಾನೆ ಎಂದಾಗ ನಮಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಶುಲ್ಕಕ್ಕೆ ಚಂದಾ ಎತ್ತಿದೆವು. ಸೆಕೆಂಡ್ ಹ್ಯಾಂಡ್ ಸೈಕಲ್ ಕೊಡಿಸಿದೆವು. ಕೊಂಕಣಿ ಪೂಜೆಯ ಗೆಳೆಯರಿಗೂ ಹೇಳಿಕೊಂಡು ತಿರುಗಿದೆವು. ಅವನು ವಾಟ್ಸಾಪ್ ಸ್ಟೇಟಸ್‌ನಲ್ಲಿ ಇವತ್ತು 40 ಕಿಲೋಮೀಟರ್, ಇವತ್ತು 60 ಎಂದು ಹಾಕಿದಾಗಲೆಲ್ಲ ಚಪ್ಪಾಳೆಯ ಚಿಹ್ನೆ ಕಳುಹಿಸಿದೆವು.

ಅವನು ಸ್ಟೇಟಸ್‌ನಲ್ಲಿ ಹಾಕದೇ ಇದ್ದ ಸಂಗತಿಯೂ ಒಂದಿತ್ತು. ಸ್ಪರ್ಧೆಗೆ ಆರು ವಾರವಿರುವಾಗ ಮಳೆಯಲ್ಲಿ ಸೈಕಲ್ ಜಾರಿ ಬಿದ್ದು ಎಡ ಮೊಣಕಾಲಿಗೆ ಪೆಟ್ಟಾಗಿತ್ತು. ಊತ ಇಳಿಯಲಿಲ್ಲ. ಎರಡು ಪಾಳಿಯ ಕೆಲಸದ ನಡುವೆ ತರಬೇತಿಯೂ ಅರ್ಧಕ್ಕೆ ನಿಂತಿತ್ತು. ಸಮುದ್ರದಲ್ಲಿ ಪೂರ್ತಿ ದೂರ ಒಮ್ಮೆಯೂ ಈಜಿರಲಿಲ್ಲ. ನೋವಿನ ಮಾತ್ರೆ ನುಂಗಿ, ಮೊಣಕಾಲಿಗೆ ಪಟ್ಟಿ ಸುತ್ತಿ, ಮೇಲೆ ಪ್ಯಾಂಟ್ ಹಾಕಿಕೊಂಡು ಪ್ರತಿ ಭಾನುವಾರ ಪೂಜೆಗೆ ಬಂದ. ಮೊಣಕಾಲೂರುವ ಹೊತ್ತಿನಲ್ಲಿ ಅವನೊಬ್ಬ ನಿಂತೇ ಇರುತ್ತಿದ್ದ. ನಾವು ಅದನ್ನು ನೋಡಿದ್ದೆವು. ಯಾಕೆಂದು ಕೇಳಲಿಲ್ಲ.

ನಮ್ಮಲ್ಲಿ ಬಿ.ಎಸ್ಸಿ. ಓದಿದವರಿದ್ದೇವೆ. ಕೆಲವು ವಾರ ಓಡಿದರೆ ಹೃದಯ ಬೇಗ ಹೊಂದಿಕೊಳ್ಳುತ್ತದೆ, ಏದುಸಿರು ಕಡಿಮೆಯಾಗುತ್ತದೆ. ಸ್ನಾಯುವನ್ನು ಎಲುಬಿಗೆ ಕಟ್ಟಿಹಿಡಿಯುವ ನಾರುಗಳಿಗೆ ರಕ್ತಸಂಚಾರ ಕಡಿಮೆ. ಅವು ಗಟ್ಟಿಯಾಗಲು ತಿಂಗಳುಗಳೇ ಬೇಕು. ಹೀಗಾಗಿ ಉಸಿರು ‘ಆಗುತ್ತದೆ’ ಎನ್ನುವಾಗ ಕಾಲು ‘ಆಗುವುದಿಲ್ಲ’ ಎನ್ನುತ್ತಿರುತ್ತದೆ. ಪರೀಕ್ಷೆಯಲ್ಲಿ ಇದನ್ನು ಬರೆದು ಅಂಕ ತೆಗೆದುಕೊಂಡವರು ನಾವು. ನಮ್ಮ ಪಕ್ಕದಲ್ಲಿ ನಿಂತವನ ಕಾಲಿಗೆ ಮಾತ್ರ ಅದನ್ನು ಅನ್ವಯಿಸಲಿಲ್ಲ.

ಸ್ಪರ್ಧೆಯ ದಿನ ಈಜು ಹೇಗೋ ಮುಗಿಯಿತು. ನೀರಿನಲ್ಲಿ ಮೈಭಾರ ಮೊಣಕಾಲಿನ ಮೇಲೆ ಬೀಳುವುದಿಲ್ಲ. ಸೈಕಲ್ ಇಳಿಯುವಾಗ ಕಾಲು ಮಡಚಲು ಆಗುತ್ತಿರಲಿಲ್ಲ. ಓಟದ ಒಂಬತ್ತನೆಯ ಕಿಲೋಮೀಟರಿನ ಹತ್ತಿರ ರಸ್ತೆಯ ಪಕ್ಕದಲ್ಲಿ ಕುಳಿತುಬಿಟ್ಟ. ನಾವು ಬ್ಯಾನರ್ ಹಿಡಿದು ನಿಂತಿದ್ದದ್ದು ಸರಿಯಾಗಿ ಅದೇ ಜಾಗದಲ್ಲಿ. ‘ಏಳು, ಓಡು!’ ಎಂದು ಗಂಟಲು ಹರಿಯುವಂತೆ ಕೂಗಿದೆವು. ಅವನು ನಮ್ಮನ್ನು ನೋಡಿದ, ಎದ್ದ, ಕುಂಟುತ್ತ ಇನ್ನೂ ಮೂರು ಕಿಲೋಮೀಟರ್ ಹೋದ. ಆಮೇಲೆ ಕಾಲು ಊರಲಾಗದೆ ಬಿದ್ದ. ವೈದ್ಯಕೀಯ ತಂಡದವರು ಎತ್ತಿಕೊಂಡು ಹೋದರು.

ಮೊಣಕಾಲಿನ ಒಳಗಿನ ಮೆತ್ತೆ ಹರಿದಿತ್ತು. ಎರಡು ತಿಂಗಳು ಕೆಲಸವಿಲ್ಲ, ಸಂಬಳವಿಲ್ಲ. ಹಣ್ಣು ಹಿಡಿದುಕೊಂಡು ಮನೆಗೆ ಹೋದಾಗ ಅವನ ಅವ್ವ ಚಹಾ ಕೊಟ್ಟು ಒಂದೇ ಮಾತು ಕೇಳಿದರು: ‘ಎಲ್ಲಾರೂ ಚಪ್ಪಾಳಿ ಹೊಡದ್ರಿ. ಅವನ ಕಾಲ ಯಾರರ ನೋಡಿದ್ರೇನು?’

ಉತ್ತರ ಕೊಡಲು ನಮ್ಮಲ್ಲಿ ಯಾರಿಗೂ ಬಾಯಿ ಬರಲಿಲ್ಲ.

ಪ್ರಿಯರೇ, ಇಂದಿನ ಶುಭಸಂದೇಶವನ್ನು ಈ ಪ್ರಶ್ನೆಯೊಂದಿಗೆ ಓದೋಣ. ದೇವಾಲಯಕ್ಕೆ ಇಬ್ಬರು ಪ್ರಾರ್ಥನೆಗೆ ಬರುತ್ತಾರೆ. ಫರಿಸಾಯನು ತನ್ನ ಸಾಧನೆಯ ಪಟ್ಟಿ ಒಪ್ಪಿಸುತ್ತಾನೆ: ವಾರಕ್ಕೆರಡು ಉಪವಾಸ, ಆದಾಯದಲ್ಲಿ ಹತ್ತನೆಯ ಒಂದು ಪಾಲು. ಅವನು ಸುಳ್ಳು ಹೇಳಿದ ಎಂದು ಯೇಸು ಎಲ್ಲಿಯೂ ಹೇಳಿಲ್ಲ. ಅವನ ಉಪವಾಸವೂ ನಿಜ, ಕಾಣಿಕೆಯೂ ನಿಜ. ಆದರೆ ತನ್ನ ಒಂದು ಗಾಯವನ್ನೂ ಅವನು ದೇವರಿಗೆ ತೋರಿಸಲಿಲ್ಲ. ಸುಂಕದವನ ಬಳಿ ತೋರಿಸಲು ಸಾಧನೆಯೇ ಇಲ್ಲ. ದೂರ ನಿಂತು, ತಲೆ ಎತ್ತದೆ, ಎದೆ ಬಡಿದುಕೊಂಡು, ನೋವಿರುವ ಜಾಗವನ್ನೇ ತೋರಿಸಿದ. ಅವನೇ ದೇವರ ಮೆಚ್ಚುಗೆ ಪಡೆದು ಮನೆಗೆ ಹೋದ.

ನಮ್ಮ ಹುಡುಗ ತನ್ನ ಕಿಲೋಮೀಟರುಗಳನ್ನು ಹೇಳಿದ, ಗಾಯ ಹೇಳಲಿಲ್ಲ. ಆದರೆ ಫರಿಸಾಯನ ಜಾಗದಲ್ಲಿ ಅವನೊಬ್ಬನನ್ನೇ ನಿಲ್ಲಿಸುವುದು ಅನ್ಯಾಯ. ಸಾಧನೆ ಹೇಳಿದರೆ ಚಪ್ಪಾಳೆ, ಗಾಯ ಹೇಳಿದರೆ ಮೌನ ಎಂಬ ವಾತಾವರಣ ಕಟ್ಟಿದವರು ನಾವು. ಅಂಥ ಕಡೆ ಯಾರು ತಾನೇ ಪ್ಯಾಂಟ್ ಮಡಚಿ ಕಾಲು ತೋರಿಸುತ್ತಾರೆ?

ಅವನ ಮನಸ್ಸಿನಲ್ಲಿ ಒಂದು ಹಳೆಯ ವೀಡಿಯೋ ಕೂತಿತ್ತು. 1982ರ ಫೆಬ್ರವರಿಯಲ್ಲಿ ಹವಾಯಿಯ ಪೂರ್ಣ ದೂರದ ಐರನ್‌ಮ್ಯಾನ್‌ನಲ್ಲಿ ಜೂಲಿ ಮಾಸ್ ಎಂಬ 23 ವರ್ಷದ ವಿದ್ಯಾರ್ಥಿನಿ ಮಹಿಳೆಯರಲ್ಲಿ ಮುಂದಿದ್ದರು. ಕಾಲೇಜಿನ ಪ್ರಬಂಧಕ್ಕಾಗಿ ಸ್ಪರ್ಧೆಗೆ ಇಳಿದವರು. ಗುರಿಯ ಹತ್ತಿರ ಬಂದಾಗ ಕಾಲು ಕೈಕೊಟ್ಟವು. ಬಿದ್ದರು, ಎದ್ದರು, ಮತ್ತೆ ಬಿದ್ದರು. ಹಿಂದಿದ್ದ ಕ್ಯಾಥ್ಲೀನ್ ಮೆಕಾರ್ಟ್ನಿ ದಾಟಿ ಹೋದರು. ಜೂಲಿ ತೆವಳಿಕೊಂಡೇ ಹೋಗಿ, 29 ಸೆಕೆಂಡುಗಳ ಅಂತರದಲ್ಲಿ ಎರಡನೆಯವರಾಗಿ ಮುಗಿಸಿದರು. ನೆರವಿಗೆ ಬಂದ ಕೈಗಳನ್ನು ಅವರು ಬೇಡವೆಂದರು. ಆ ಆಟದ ನಿಯಮವೇ ಹಾಗೆ: ಹೊರಗಿನವರು ಕೈಹಿಡಿದು ನಡೆಸಿದರೆ ಸ್ಪರ್ಧಿ ಅನರ್ಹ.

ಆ ಛಲವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಕಷ್ಟದ ಆಟ ಆಡಬಾರದು ಎಂದು ಧರ್ಮಸಭೆಯೂ ಹೇಳುವುದಿಲ್ಲ. ಅಮೆರಿಕದ ಧರ್ಮಭಗಿನಿ ಮಡೋನಾ ಬ್ಯೂಡರ್ ಗುರುಗಳೊಬ್ಬರ ಮಾತಿನಿಂದ 48ನೆಯ ವಯಸ್ಸಿನಲ್ಲಿ ಓಡಲು ಆರಂಭಿಸಿ, 52ರಲ್ಲಿ ಮೊದಲ ಟ್ರಯಥ್ಲಾನ್, 55ರಲ್ಲಿ ಮೊದಲ ಐರನ್‌ಮ್ಯಾನ್ ಮಾಡಿದರು. 2012ರಲ್ಲಿ 82ರ ವಯಸ್ಸಿನಲ್ಲೂ ಪೂರ್ಣ ದೂರ ಮುಗಿಸಿದರು. ಏಳು ವರ್ಷ ಕಾಲಿಗೆ ಅಭ್ಯಾಸ ಮಾಡಿಸಿದ ಮೇಲೆ ಅವರು ಆ ದೂರಕ್ಕೆ ಇಳಿದದ್ದು. ಸಿದ್ಧತೆಯಿಲ್ಲದೆ ಹಾರಿ, ದೇವರು ಹಿಡಿದುಕೊಳ್ಳುತ್ತಾನೆ ಬಿಡು ಎನ್ನುವುದನ್ನು ವಿಶ್ವಾಸ ಎನ್ನಲಾಗದು. ದೇವಾಲಯದ ಶಿಖರದಿಂದ ಧುಮುಕು ಎಂದು ಸೈತಾನನು ಹೇಳಿದಾಗ, ದೇವರನ್ನು ಪರೀಕ್ಷಿಸಬಾರದು ಎಂದು ಯೇಸು ಇಳಿಯದೆ ನಿಂತರು.

ಆ ಆಟದ ನಿಯಮ ಮತ್ತು ನಮ್ಮ ವಿಶ್ವಾಸದ ಓಟದ ನಿಯಮ ಇಲ್ಲಿ ಬೇರೆಯಾಗುತ್ತವೆ. ನಮ್ಮ ಓಟದಲ್ಲಿ ನೆರವು ಪಡೆದವನು ಅನರ್ಹನಾಗುವುದಿಲ್ಲ. ಪ್ರಭು ಯೇಸುವೇ ಶಿಲುಬೆಯನ್ನು ಒಬ್ಬರೇ ಹೊತ್ತು ಮುಗಿಸಲಿಲ್ಲ. ಸಿರೇನ್ಯದ ಸಿಮೋನನು ಹೆಗಲು ಕೊಟ್ಟ. ಶಿಲುಬೆಹಾದಿಯ ಐದನೆಯ ಸ್ಥಳದಲ್ಲಿ ಪ್ರತಿ ತಪಸ್ಸುಕಾಲದಲ್ಲೂ ಅದನ್ನು ನೆನೆಯುತ್ತೇವೆ. ಪೌಲರನ್ನೇ ನೋಡಿ. ಓಟ ಮುಗಿಸಿದೆ ಎಂದ ಅದೇ ಅಧ್ಯಾಯದಲ್ಲಿ, ಬೇಗ ಬಾ, ಮಾರ್ಕನನ್ನು ಕರೆತಾ, ತ್ರೋವದಲ್ಲಿ ಬಿಟ್ಟುಬಂದ ಮೇಲಂಗಿ ತಾ, ಚಳಿಗಾಲಕ್ಕೆ ಮುಂಚೆಯೇ ಬಾ ಎಂದು ಬೇಡಿಕೊಳ್ಳುತ್ತಾರೆ. ವಿಚಾರಣೆಯ ದಿನ ತಮ್ಮ ಪಕ್ಕದಲ್ಲಿ ಒಬ್ಬರೂ ನಿಲ್ಲಲಿಲ್ಲ ಎಂಬ ನೋವನ್ನೂ ಮುಚ್ಚಿಡುವುದಿಲ್ಲ. ಪ್ರಭುವೇ ಬಳಿ ನಿಂತು ಬಲ ಕೊಟ್ಟರು ಎನ್ನುತ್ತಾರೆ. ನಾವು ಬ್ಯಾನರಿಗೆ ಏಳನೆಯ ವಚನವನ್ನು ಮಾತ್ರ ಆರಿಸಿದೆವು. ಮೇಲಂಗಿಯ ವಚನವನ್ನು ಯಾರೂ ಬ್ಯಾನರಿನಲ್ಲಿ ಬರೆಸುವುದಿಲ್ಲ.

ನಮ್ಮ ನಡುವೆ ಇನ್ನೆಷ್ಟು ಮಂದಿ ಪಟ್ಟಿ ಸುತ್ತಿಕೊಂಡು ಓಡುತ್ತಿದ್ದಾರೆ! ಊರಿನ ಸಾಲ ತೀರಿಸಲಾಗದೆ ಫೋನ್ ಎತ್ತದವರು. ಪರೀಕ್ಷೆಯಲ್ಲಿ ಫೇಲಾಗಿ ಮನೆಯಲ್ಲಿ ಹೇಳದವರು. ಗಂಡನ ಕುಡಿತವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಜಪಮಾಲೆಗೆ ಬರುವ ಅಕ್ಕಂದಿರು. ರಾತ್ರಿ ನಿದ್ದೆ ಬಾರದ ಯುವಕರು. ಪೂಜೆ ಮುಗಿದ ಮೇಲೆ ‘ಆರಾಮಾ?’ ಎಂದರೆ ‘ಆರಾಮ’ ಎನ್ನುತ್ತೇವೆ, ಚಹಾ ಕುಡಿಯುತ್ತೇವೆ, ಬಸ್ ಹಿಡಿಯುತ್ತೇವೆ.

ನೀವು ಅಂಥವರಲ್ಲಿ ಒಬ್ಬರಾಗಿದ್ದರೆ, ಒಬ್ಬರಿಗಾದರೂ ಕಾಲು ತೋರಿಸಿ. ಪಾಪದ ಗಾಯವಾದರೆ ಪಾಪನಿವೇದನೆಯಲ್ಲಿ ಗುರುಗಳಿಗೆ. ದೇಹದ, ಮನಸ್ಸಿನ ಗಾಯವಾದರೆ ವೈದ್ಯರಿಗೆ. ಕೈ ಖಾಲಿಯಾಗಿದ್ದರೆ ನಮಗೆ. ಹೇಳಿದ ಮಾತು ನಮ್ಮಿಂದ ಹೊರಗೆ ಹೋಗದು. ನೀವು ನೋಡುವ ಜಾಗದಲ್ಲಿದ್ದರೆ, ಮೊಣಕಾಲೂರದೆ ನಿಂತವನನ್ನು ಕಂಡು ಸುಮ್ಮನೆ ಹೋಗಬೇಡಿ. ಹತ್ತಿರ ಹೋಗಿ ಮೆಲ್ಲಗೆ ಕೇಳಿ.

ನಿಲ್ಲುವುದೂ ಸೋಲಲ್ಲ ಎಂಬುದಕ್ಕೆ ನಮ್ಮ ಗೋವೆಯ ಸಂತರೇ ಸಾಕ್ಷಿ. 1542ರಲ್ಲಿ ಇಲ್ಲಿಗೆ ಬಂದ ಸಂತ ಫ್ರಾನ್ಸಿಸ್ ಕ್ಸೇವಿಯರ್ ಚೀನಾ ಸೇರಲು ಹಂಬಲಿಸಿದರು. ಸೇರಲಿಲ್ಲ. ದಡದ ಎದುರಿನ ಶಾಂಗ್‌ಚುವಾನ್ ದ್ವೀಪದಲ್ಲಿ, ದೋಣಿಗಾಗಿ ಕಾಯುತ್ತ, ಜ್ವರದಿಂದ 1552ರ ಡಿಸೆಂಬರ್ 3ರಂದು 46ರ ವಯಸ್ಸಿನಲ್ಲಿ ತೀರಿಕೊಂಡರು. ಆಗ ಬಳಿಯಲ್ಲಿದ್ದು ಆರೈಕೆ ಮಾಡಿದವನು ಆಂತೋನಿಯೋ ಎಂಬ ಚೀನೀ ಯುವಕ. ಗುರಿ ಮುಟ್ಟದ ಆ ಪಯಣವನ್ನು ಅರ್ಧ ಓಟ ಎಂದು ಯಾರೂ ಕರೆಯುವುದಿಲ್ಲ. ಬೊಮ್ ಜೀಸಸ್ ಬೆಸಿಲಿಕಾದಲ್ಲಿ ಅವರ ಮುಂದೆ ಮೊಣಕಾಲೂರಲು ಸಾವಿರಾರು ಜನ ನಡೆದುಕೊಂಡು ಬರುತ್ತಾರೆ.

ಈ ಡಿಸೆಂಬರಿನ ಹಬ್ಬಕ್ಕೆ ನಾವೂ ಓಲ್ಡ್ ಗೋವಾಕ್ಕೆ ನಡೆದು ಹೋಗುತ್ತೇವೆ. ನಮ್ಮ ಹುಡುಗನೂ ಬರುತ್ತಾನೆ. ನೋವಾದರೆ ಹೇಳುತ್ತೇನೆ ಎಂದು ಮಾತು ಕೊಟ್ಟಿದ್ದಾನೆ. ಈ ಸಲ ಎಲ್ಲರಿಗಿಂತ ಮುಂದೆ ನಡೆಯುವವನು ಅವನೇ. ಅವನ ಹೆಜ್ಜೆ ಎಷ್ಟು ನಿಧಾನವೋ ನಮ್ಮೆಲ್ಲರದೂ ಅಷ್ಟೇ. ಅವನು ಕುಳಿತರೆ ನಾವೂ ಕುಳಿತುಕೊಳ್ಳುತ್ತೇವೆ. ಬ್ಯಾನರ್ ಇರುವುದಿಲ್ಲ, ನೀರು, ಮುಲಾಮು ಇರುತ್ತವೆ. ಬನ್ನಿ, ನಿಮ್ಮ ಕಾಲು ಹೇಗಿದ್ದರೂ ಬನ್ನಿ.

ಬಳಿ ನಿಂತು ಬಲ ಕೊಡುವ ಪ್ರಭುವೇ, ನಮ್ಮ ಗಾಯಗಳನ್ನು ನಿಮಗೆ ತೋರಿಸುವ ಧೈರ್ಯವನ್ನೂ ಪಕ್ಕದವರ ಗಾಯಗಳನ್ನು ಕಾಣುವ ಕಣ್ಣನ್ನೂ ನಮಗೆ ದಯಪಾಲಿಸಿರಿ. ಆಮೆನ್.

ಧರ್ಮಕೇಂದ್ರದ ಕನ್ನಡ ಯುವಜನರ ಪರವಾಗಿ,
ಯುವ ಸಂಯೋಜಕರು